ಬ್ಲೇಜರಿಗೆಂದು ತಂದ ಹ್ಯಾಂಗರ್

ಡೊಂಬಿವಲಿ ಪೂರ್ವ
5 ಫೆಬ್ರವರಿ 2007

ಚಿ. ಮೋಹಿನಿಗೆ ಲೋಕನಾಥ ಮಾವನ ಆಶೀರ್ವಾದ.

ನೀನು ದಿಲ್ಲಿ ತಲುಪಿದೆಯೆಂದು ನಿನ್ನ ಅತ್ತೆ ವೇದಾವತಿ ಫೋನಿನಲ್ಲಿ ಕೇಳಿಕೊಂಡು ನನಗೆ ಬೊಬ್ಬೆ ಹೊಡೆದು ಹೇಳಿದಳು. ಇಡೀ ಬಿಲ್ಡಿಂಗಿಗೆ ಗೊತ್ತಾಯಿತು. ಹೋಟೆಲಿನ ಗ್ರೈಂಡರಿನ ಪಕ್ಕ ಆಯುಷ್ಯ ಕಳೆದ ಕಿವಿ ಇದು, ಫೋನಿನಲ್ಲಿ ನೀನು ಮಾತಾಡಿದರೂ ಗ್ರೈಂಡರ್ ತಿರುಗಿದ ಹಾಗೆಯೇ ಕೇಳುತ್ತದೆ. ಆದ್ದರಿಂದ ನನಗೆ ಹೇಳುವುದನ್ನು ಬರೆದೇ ಹೇಳು. ಕನ್ನಡದಲ್ಲಿ ಬರೆ. ಕಲಿಸಿದವನು ನಾನು, ಬರುವುದಿಲ್ಲ ಎಂದು ನೆಪ ಹೇಳಬೇಡ.

ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದ ಗೌಜಿ ಇಲ್ಲಿ ಇನ್ನೂ ಇಳಿದಿಲ್ಲ. ತರಕಾರಿ ತರಲು ಹೋದರೆ ಜನ ನಿಲ್ಲಿಸಿ ನಿನ್ನ ಸನ್ಮಾನದ ಸುದ್ದಿಯನ್ನೇ ಎತ್ತುತ್ತಾರೆ. ಶಾಲು, ಹಣ್ಣಿನ ಬುಟ್ಟಿ, ಫಲಕ ಎಲ್ಲರಿಗೂ ಕೊಡುತ್ತೇವೆ, ಅದು ಇರಲಿ. ಆದರೆ ದುಡ್ಡಿನ ಹಮ್ಮಿಣಿ ಕೊಡುವಾಗ ಕಲ್ಯಾಣದ ಹೋಟೆಲಿನ ಶಿವರಾಯರು ತಾವಾಗಿಯೇ ವೇದಿಕೆ ಹತ್ತಿ "ನಮ್ಮ ಹುಡುಗಿಗೆ ನನ್ನದೂ ಸೇರಿಸಿ ಮಾರಾಯ್ರೆ" ಎಂದರಲ್ಲ, ಅವರ ಹಿಂದೆ ಸಾಲೇ ಬಂತಲ್ಲ! ಕಾರ್ಯದರ್ಶಿಯಾಗಿ ಒಂದೊಂದು ಹೆಸರನ್ನೂ ಮೈಕಿನಲ್ಲಿ ಓದಿದವನು ನಾನು. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಇದನ್ನು ವೇದಾವತಿಗೆ ಹೇಳಬೇಡ.

ಫೋಟೊ ಸಮೇತ ಸುದ್ದಿಯನ್ನು ಕನ್ನಡ ಪೇಪರಿಗೂ ಮರಾಠಿ ಪೇಪರಿಗೂ ಕಳಿಸಿದ್ದೆ. ಎರಡರಲ್ಲೂ ಬಂದಿದೆ. "ಗಾಲ್ಫ್ ಕುವರಿಗೆ ಹಮ್ಮಿಣಿ ಅರ್ಪಣೆ" ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ.

ಇನ್ನೊಂದು ಸಂಗತಿ. ಫಡಕೆ ರೋಡಿನಿಂದ ಒಂದು ಮರದ ಹ್ಯಾಂಗರ್ ತಂದಿದ್ದೇನೆ. ಕೋಟಿಗೆಂದೇ ಮಾಡಿದ್ದು, ಭುಜ ಅಗಲ ಉಂಟು. ಪ್ಲಾಸ್ಟಿಕ್ಕಿನದಕ್ಕೆ ಹಾಕಿದರೆ ಬ್ಲೇಜರಿನ ಭುಜ ಜೋತುಬೀಳುತ್ತದಂತೆ, ಅಂಗಡಿಯವನು ಹೇಳಿದ. ಕಪಾಟಿನಲ್ಲಿ ತೂಗುಹಾಕಿಟ್ಟಿದ್ದೇನೆ. ನೀನು ಭಾರತ ತಂಡದ ಬ್ಲೇಜರ್ ಹಾಕಿದ ದಿನ ನಾನು ನಿನ್ನ ಆಟ ನೋಡಲು ಬರುತ್ತೇನೆ, ಮುಂಬಾಗಿಲಿನಿಂದ ಬರುತ್ತೇನೆ. ಗಾಲ್ಫ್ ಕ್ಲಬ್ಬಿನೊಳಗೆ ನಿನ್ನ ಅಪ್ಪ ನಡೆಸುತ್ತಿದ್ದ ಕ್ಯಾಂಟೀನಿಗೆ ಇಡ್ಲಿ ಹಿಟ್ಟು ತಂದು ಹಾಕುತ್ತಾ ಅದರ ಹಿಂಬಾಗಿಲು ನೋಡಿದ್ದು ಸಾಕು.

ಲೋಕನಾಥ ಮಾವ

*

ದಿಲ್ಲಿ
24 ಫೆಬ್ರವರಿ 2007

ಮಾವಾ,

ಪತ್ರ ಬಂತು, ಪೇಪರಿನ ತುಂಡೂ ಬಂತು. ಫೋಟೊದಲ್ಲಿ ನನಗಿಂತ ನೀವೇ ದೊಡ್ಡದಾಗಿ ಕಾಣುತ್ತೀರಿ.

ಭಾರತ ತಂಡದ ಆಯ್ಕೆಯ ಕ್ಯಾಂಪ್ ಚೆನ್ನಾಗಿ ನಡೆದಿದೆ. ಇಲ್ಲಿ ಬಂದವರಲ್ಲಿ ಹೆಚ್ಚಿನವರಿಗೆ ಅಪ್ಪನೋ ಅಜ್ಜನೋ ಕ್ಲಬ್ಬಿನ ಸದಸ್ಯರು. ಎಲ್ಲಿ ಕಲಿತೆ ಎಂದು ಒಬ್ಬಳು ಕೇಳಿದಳು. ಸೋಮವಾರ ಕಲಿತೆ ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಸೋಮವಾರ ಕ್ಲಬ್ಬು ಸದಸ್ಯರಿಗೆ ಮುಚ್ಚಿರುತ್ತದೆ, ಚೀಲ ಹೊರುವ ಕ್ಯಾಡಿಗಳಿಗೆ ಆಡಲು ಬಿಡುತ್ತಾರೆ, ಅವರ ಜೊತೆ ಕ್ಯಾಂಟೀನಿನವನ ಮಗಳೂ ನುಗ್ಗುತ್ತಿದ್ದಳು ಎಂದು ಬಿಡಿಸಿ ಹೇಳಬೇಕಾಯಿತು. ಅಪ್ಪ ತೀರಿಕೊಂಡ ಮೇಲೆ ಆ ಕ್ಯಾಡಿಗಳೇ ನನ್ನನ್ನು ಕ್ಲಬ್ಬಿನ ಕಾರ್ಯದರ್ಶಿಯ ಹತ್ತಿರ ಕರೆದುಕೊಂಡು ಹೋಗಿ ವಾರವಿಡೀ ಆಡಲು ಅನುಮತಿ ಕೊಡಿಸಿದ್ದು.

ನಿನ್ನೆ ಟೈಲರ್ ಬಂದಿದ್ದ. ಬ್ಲೇಜರಿನ ಅಳತೆಗೆ! ತಂಡ ಇನ್ನೂ ಪ್ರಕಟವಾಗಿಲ್ಲ, ಆದರೂ ಮೊದಲ ಐವರ ಅಳತೆ ತೆಗೆದುಕೊಂಡ. ನನ್ನ ಎಡ ಭುಜ ಬಲಕ್ಕಿಂತ ಸ್ವಲ್ಪ ತಗ್ಗು ಅಂತೆ. ಹ್ಯಾಂಗರಿನದು ಎರಡೂ ಸಮ ಇರಬಹುದು, ತೊಂದರೆ ಇಲ್ಲ.

ಮುಂದಿನ ತಿಂಗಳು ಪುಣೆಯಲ್ಲಿ ಆಟ ಇದೆ. ಬ್ಲೇಜರಿಗೆ ಕಾಯಬೇಡಿ, ಬನ್ನಿ. ಕಲ್ಯಾಣದಲ್ಲಿ ಬೆಳಗಿನ ಪುಣೆ ಗಾಡಿ ಹತ್ತಿದರೆ ಊಟದ ಹೊತ್ತಿನೊಳಗೆ ಹಿಂದಿರುಗಬಹುದು ಅಂತ ಸುಳ್ಳು ಹೇಳುವುದಿಲ್ಲ, ಒಂದು ರಾತ್ರಿ ಉಳಿಯಬೇಕಾಗುತ್ತದೆ.

ಮೋಹಿನಿ

*

ಸೀವುಡ್ಸ್
19 ಮಾರ್ಚ್ 2007

ಮಾವಾ,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಮನಸ್ಸು ಹಗುರ ಮಾಡಿಕೊಳ್ಳಲು ಬೇರೆ ದಾರಿ ಕಾಣಲಿಲ್ಲ.

ಗಾಲ್ಫಿನಲ್ಲಿ ಎರಡು ಜಾತಿ. ದುಡ್ಡಿಲ್ಲದೆ ಆಡುವವರು ಅಮೆಚೂರ್, ದುಡ್ಡಿಗೆ ಆಡುವವರು ಪ್ರೊಫೆಷನಲ್. ಭಾರತ ತಂಡಕ್ಕೆ ಅಮೆಚೂರ್ ಮಾತ್ರ. ಅಮೆಚೂರ್ ಆದವಳು ಆಟದ ಹೆಸರಿನಲ್ಲಿ ಯಾರಿಂದಲೂ ನಗದು ತೆಗೆದುಕೊಳ್ಳುವ ಹಾಗಿಲ್ಲ. ಬಹುಮಾನವಾಗಿಯೂ ಇಲ್ಲ, ಪ್ರೀತಿಯಿಂದ ಕೊಟ್ಟರೂ ಇಲ್ಲ.

ಗೆದ್ದು ಬಂದವರ ಕೈಯಲ್ಲಿ ಹಮ್ಮಿಣಿ ಇಡುವುದು ನಮ್ಮಲ್ಲಿ ಎಷ್ಟು ಸಹಜ ಎಂದರೆ, ವೇದಿಕೆಯ ಮೇಲೆ ನಿಂತಿದ್ದಾಗ ಆ ನಿಯಮ ನನ್ನ ತಲೆಗೇ ಬರಲಿಲ್ಲ. ನಿಮಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಪೇಪರಿನ ಸುದ್ದಿಯನ್ನು ಯಾರೋ ದಿಲ್ಲಿಗೆ, ತಂಡ ಆರಿಸುವವರಿಗೆ ಕಳಿಸಿದ್ದಾರೆ. ಅಲ್ಲಿಂದ ಕರೆದು ಕೇಳಿದರು. ಹೌದು, ತೆಗೆದುಕೊಂಡಿದ್ದೇನೆ ಅಂದೆ.

ಅವರು ಕೆಟ್ಟವರಲ್ಲ. ಒಂದು ದಾರಿ ಹೇಳಿದರು. ತಿಂಗಳೊಳಗೆ ಎಲ್ಲವನ್ನೂ ಕೊಟ್ಟವರಿಗೇ ಹಿಂದಿರುಗಿಸಿ, ವಾಪಸು ಬಂತೆಂದು ಒಬ್ಬೊಬ್ಬರಿಂದಲೂ ಬರೆಸಿಕೊಂಡು ಬಾ, ನೋಡೋಣ ಅಂದರು. ದುಡ್ಡು ಬ್ಯಾಂಕಿನಲ್ಲಿ ಹಾಗೆಯೇ ಇದೆ, ಅದರ ಚಿಂತೆ ಇಲ್ಲ. ಆದರೆ ಕೊಡುವವರು ಯಾರು? ಸಂಘದ ಕಾರ್ಯದರ್ಶಿ. ನೀವು ಶಿವರಾಯರ ಗಲ್ಲಾದ ಎದುರು ನಿಂತು, ಮೈಕಿನಲ್ಲಿ ಓದಿದ ಹೆಸರನ್ನು ವಾಪಸು ಓದಿದ ಹಾಗೆ, "ನಿಮ್ಮ ಕಾಣಿಕೆ ನಮಗೆ ಬೇಡವಾಯಿತು" ಎನ್ನಬೇಕು. ಅಲ್ಲಿಂದ ಉಲ್ಲಾಸನಗರ, ಅಂಬರನಾಥ, ಬದಲಾಪುರ. ಕಿವಿ ಕೇಳದ ನಿಮಗೆ ಒಬ್ಬೊಬ್ಬರೂ ಜೋರಾಗಿ ಯಾಕೆ ಎಂದು ಕೇಳುತ್ತಾರೆ, ಗಿರಾಕಿಗಳು ತಿರುಗಿ ನೋಡುತ್ತಾರೆ. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವರು ನೀವು. ನಿಮ್ಮನ್ನು ಆ ಬಾಗಿಲುಗಳಿಗೆ ನಾನು ಕಳಿಸಲಾರೆ.

ಪ್ರೊಫೆಷನಲ್ ಆಗುತ್ತೇನೆ ಎಂದು ಇವತ್ತು ಬರೆದುಕೊಟ್ಟೆ. ಹೆಂಗಸರ ಪ್ರೊಫೆಷನಲ್ ಟೂರು, ಊರೂರು ಸುತ್ತಿ ಆಡುವ ಪಂದ್ಯಗಳ ಸಾಲು, ಈಗಷ್ಟೇ ಶುರುವಾಗಿದೆ, ಆಡುವವರು ಒಂದು ಟೆಂಪೊದಲ್ಲಿ ಹಿಡಿಸುತ್ತಾರೆ. ನಾನು ಅದಕ್ಕೆ ತಯಾರಿಲ್ಲ. ಬ್ಲೇಜರ್ ಹೋಯಿತು. ಅಳು ಬಂತು, ಬಹಳ ಅತ್ತುಬಿಟ್ಟೆ.

*

ಸೀವುಡ್ಸ್
21 ಮಾರ್ಚ್ 2007

ಮಾವಾ,

ಒಂದು ಸುದ್ದಿ ತಿಳಿಸುವುದಿತ್ತು. ನಾನು ಪ್ರೊಫೆಷನಲ್ ಆಗಲು ನಿರ್ಧರಿಸಿದ್ದೇನೆ. ಹಾಗೆ ಆದವರು ಭಾರತ ತಂಡದಲ್ಲಿ ಆಡುವಂತಿಲ್ಲ, ಆದ್ದರಿಂದ ಕ್ಯಾಂಪಿನಿಂದ ಹೊರಗೆ ಬಂದೆ. ಮುಂದಿನ ದಿನಗಳಲ್ಲಿ ಹೆಂಗಸರಿಗೂ ಇದರಲ್ಲಿ ಒಳ್ಳೆಯ ಸಂಪಾದನೆ ಇದೆ. ಈ ಭಾಗದಿಂದ ನಾನೇ ಮೊದಲನೆಯವಳಂತೆ. ಯೋಚನೆ ಮಾಡಿಯೇ ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಆಟ ಪುಣೆಯಲ್ಲಿ. ಬನ್ನಿ ಮಾವ.

ಮೋಹಿನಿ

*

ಡೊಂಬಿವಲಿ ಪೂರ್ವ
2 ಏಪ್ರಿಲ್ 2007

ಮೋಹಿನಿಗೆ,

ಕಾಗದ ಓದಿದೆ. ಸರಿಯಾಗಿ ಓದಿದೆನೋ ಇಲ್ಲವೋ ಎಂದು ವೇದಾವತಿಯಿಂದಲೂ ಓದಿಸಿದೆ. ಅದೇ ಇತ್ತು.

ಟೈಲರ್ ಅಳತೆ ತೆಗೆದುಕೊಂಡು ಹೋದ ಮೇಲೆ ಸಂಪಾದನೆಯ ಯೋಚನೆ ಬಂತು ನಿನಗೆ. ಸಂಘದವರು ಅಷ್ಟು ಕೈ ತುಂಬಿಸಿ ಕಳಿಸಿದ್ದೂ ಸಾಲಲಿಲ್ಲ. ನಾಳೆ ಅವರು ಬ್ಲೇಜರ್ ಎಲ್ಲಿ ಎಂದು ಕೇಳಿದರೆ ಏನು ಹೇಳುವುದು? ದುಡ್ಡಿಗೆ ಮಾರಿದಳು ಎನ್ನುವುದಾ? ನಿನ್ನ ಅಪ್ಪ ಹೋಟೆಲಿನವನು, ನಾನೂ ಹೋಟೆಲಿನವನು, ದುಡ್ಡು ಎಂದರೆ ಏನೆಂದು ನಮಗೆ ಗೊತ್ತುಂಟು. ಅದರ ಆಚೆ ನೀನು ಒಂದು ಮೆಟ್ಟಿಲು ಹತ್ತುತ್ತೀ ಎಂದು ಎಣಿಸಿದ್ದೆ.

ದೇಶದ ಕೋಟು ಹಾಕಿದ ದಿನ ಬರುತ್ತೇನೆ ಎಂದಿದ್ದೆ. ದುಡ್ಡಿಗೆ ಆಡುವುದನ್ನು ನೋಡಲು ಬರುವುದಿಲ್ಲ. ಪುಣೆಗೂ ಇಲ್ಲ, ಎಲ್ಲಿಗೂ ಇಲ್ಲ. ಇನ್ನು ಕರೆಯಬೇಡ.

ಆರೋಗ್ಯ ನೋಡಿಕೋ.

ಲೋಕನಾಥ

*

ಕೋಲ್ಕತಾ
14 ನವೆಂಬರ್ 2009

ಮಾವಾ,

ಗೆದ್ದೆ. ಮೊದಲನೆಯ ಸಲ.

ಎರಡು ವರ್ಷದಿಂದ ನಿಮಗೆ ಹಬ್ಬದ ನಾಲ್ಕು ಸಾಲು ಬಿಟ್ಟು ಏನೂ ಬರೆದಿಲ್ಲ, ಬರೆಯುವಂಥದ್ದು ಇರಲೂ ಇಲ್ಲ. ಎರಡು ದಿನದ ಆಟ ಮುಗಿದ ಮೇಲೆ ಹಿಂದೆ ಬಿದ್ದವರನ್ನು ಮನೆಗೆ ಕಳಿಸುತ್ತಾರೆ, ಮೂರನೆಯ ದಿನ ಆಡಲು ಬಿಡುವುದಿಲ್ಲ. ಅದಕ್ಕೆ ಕಟ್ ಅನ್ನುತ್ತಾರೆ. ಮೊದಲ ವರ್ಷವಿಡೀ ನಾನು ಮನೆಗೆ ಹೋದವಳೇ. ಸ್ಲೀಪರ್ ಕ್ಲಾಸಿನಲ್ಲಿ ಗಾಲ್ಫ್ ಕೋಲುಗಳ ಚೀಲವನ್ನು ಕಾಲ ಕೆಳಗಿಟ್ಟುಕೊಂಡು ಮಲಗಿದರೆ ಟಿಸಿ ಬಂದು "ಇದರಲ್ಲಿ ಏನಿದೆ, ಬಂದೂಕಾ?" ಎಂದು ಕೇಳುತ್ತಿದ್ದ.

ಇಲ್ಲಿ ಹೆಂಗಸರಿಗೆ ಬಟ್ಟೆ ಬದಲಿಸಲು ಕೋಣೆ ಇರಲಿಲ್ಲ. ಗಂಡಸರ ಕೋಣೆಯ ಬೋರ್ಡಿನ ಮೇಲೆ ಪೇಪರ್ ಅಂಟಿಸಿ ನಮಗೆ ಕೊಟ್ಟರು. ಗೆದ್ದ ಮೇಲೆ ಥರ್ಮೋಕೋಲಿನ ದೊಡ್ಡ ಚೆಕ್ ಕೊಟ್ಟು ಫೋಟೊ ತೆಗೆದರು. ಅದು ರೈಲಿನ ಬಾಗಿಲಿಗೆ ಹಿಡಿಸುವುದಿಲ್ಲ, ಇಲ್ಲೇ ಬಿಟ್ಟು ಬರುತ್ತಿದ್ದೇನೆ.

ಕರೆಯಬೇಡ ಅಂದಿದ್ದಿರಿ, ಕರೆಯುತ್ತಿಲ್ಲ. ಮುಂದಿನ ಆಟ ಪುಣೆಯಲ್ಲಿ ಎಂದು ತಿಳಿಸುತ್ತಿದ್ದೇನೆ ಅಷ್ಟೆ. ಹ್ಯಾಂಗರ್ ಇದೆಯೋ, ಯಾರಿಗಾದರೂ ಕೊಟ್ಟಿರೋ?

ಮೋಹಿನಿ

*

ಡೊಂಬಿವಲಿ ಪೂರ್ವ
11 ಜನವರಿ 2010

ಚಿ. ಮೋಹಿನಿಗೆ,

ನಾವು ಚೆನ್ನಾಗಿದ್ದೇವೆ. ಸೊಸೈಟಿಯ ನೀರಿನ ಟಾಕಿ ಸೋರುತ್ತಿದೆ, ರಿಪೇರಿಗೆ ಮೀಟಿಂಗ್ ಆಯಿತು, ಮೀಟಿಂಗಿನಲ್ಲಿ ಜಗಳ ಆಯಿತು, ಟಾಕಿ ಸೋರುತ್ತಲೇ ಇದೆ. ವೇದಾವತಿಯ ಮೊಣಕಾಲು ಹಾಗೆಯೇ ಉಂಟು. ನೀನು ಗೆದ್ದ ಸುದ್ದಿಗೆ ಅವಳು ಪಾಯಸ ಮಾಡಿದಳು, ನಾನೂ ತಿಂದೆ.

ಹ್ಯಾಂಗರ್ ಇದ್ದಲ್ಲೇ ಇದೆ. ವೇದಾವತಿ ಅದಕ್ಕೆ ನನ್ನ ಅಂಗಿ ಹಾಕಲು ಹೊರಟಿದ್ದಳು, ಬೇಡ ಎಂದೆ.

ಲೋಕನಾಥ

*

ಡೊಂಬಿವಲಿ ಪೂರ್ವ
28 ಜನವರಿ 2014

ಮೋಹಿನಿ,

ಈ ಕಾಗದವನ್ನು ನಿಂತುಕೊಂಡು ಬರೆಯುತ್ತಿದ್ದೇನೆ, ಕೂತರೆ ಸಿಟ್ಟು ಇನ್ನೂ ಹೆಚ್ಚಾಗುತ್ತದೆ.

ಮೊನ್ನೆ ಭಾನುವಾರ ಸಂಘದ ವಾರ್ಷಿಕೋತ್ಸವ ಇತ್ತು. ಕಾಮೋಠೆಯ ತನ್ವಿ ಎಂಬ ಹುಡುಗಿಗೆ ಸನ್ಮಾನ. ಅವಳೂ ಗಾಲ್ಫ್ ಆಡುವವಳು. ಅಪ್ಪ ಬಸವಕುಮಾರ್, ವಿಜಾಪುರದ ಕಡೆಯವರು, ಆಫೀಸಿನ ನೌಕರಿ. ಶಾಲು ಹೊದಿಸಿದೆವು, ಬುಟ್ಟಿ ಕೊಟ್ಟೆವು. ನಾನು ಹಮ್ಮಿಣಿ ಮುಂದೆ ಚಾಚಿದೆ. ಹುಡುಗಿ ಕೈ ಹಿಂದೆ ಕಟ್ಟಿಕೊಂಡು "ನಹೀ ಅಂಕಲ್" ಎಂದಳು. ನಾಚಿಕೆ ಎಂದು ಎಣಿಸಿ ಇನ್ನೂ ಮುಂದೆ ಚಾಚಿದೆ. ಆಗ ಬಸವಕುಮಾರ್ ಎದ್ದು ಬಂದು ನನ್ನ ಕಿವಿಗೆ ಬಾಯಿ ಇಟ್ಟು ಕೂಗಿದರು. ಮೈಕ್ ನನ್ನ ಕೈಯಲ್ಲೇ ಇತ್ತು, ಇಡೀ ಸಭೆಗೆ ಕೇಳಿತು.

"ರೊಕ್ಕ ಬ್ಯಾಡ್ರೀ ಸರ! ಇದನ್ನ ಮುಟ್ಟಿದ್ರ ಆಕಿ ಇಂಡಿಯಾ ಟೀಮಿನ್ಯಾಗ ಆಡಂಗಿಲ್ಲ. ಮೋಹಿನಿ ಅಕ್ಕಾರ್ದು ಹಿಂಗ ಆಗಿದ್ದು ನಿಮಗ ಗೊತ್ತಿಲ್ಲೇನ್ರೀ? ಗಾಲ್ಫಿನ ಹುಡುಗ್ರಿಗೆಲ್ಲಾ ಮೊದಲ ಅದನ್ನ ಹೇಳ್ತಾರ."

ಆಮೇಲೆ ಅವರನ್ನು ಹೊರಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಕೇಳಿದೆ. ವಾಪಸು ಕೊಡಲು ಬರುತ್ತಿರಲಿಲ್ಲವೇ ಎಂದೆ. ಬರುತ್ತಿತ್ತು, ಕೊಟ್ಟವರಿಂದ ಬರೆಸಿಕೊಂಡು ಬರಲು ಹೇಳಿದ್ದರಂತೆ, ಅಕ್ಕ ಯಾಕೆ ಮಾಡಲಿಲ್ಲವೋ ಯಾರಿಗೂ ಗೊತ್ತಿಲ್ಲ ಎಂದರು. ಯಾರಿಗೂ ಗೊತ್ತಿಲ್ಲ! ನನಗೆ ಆ ಕ್ಷಣವೇ ಗೊತ್ತಾಯಿತು.

ಮಾವನ ಮರ್ಯಾದೆ ಹೋಗುತ್ತದೆ ಎಂದು ನೀನು ಎಣಿಸಿದೆ ಅಲ್ಲವಾ? ನನ್ನ ಮರ್ಯಾದೆಯ ಅಳತೆ ತೆಗೆಯಲು ನೀನು ಯಾವ ಟೈಲರ್? ನಾನು ಹೋಗುತ್ತಿದ್ದೆ ಮಾರಾಯ್ತಿ. ಒಂದೊಂದು ಗಲ್ಲಾದ ಎದುರೂ ನಿಂತು "ನಮಗೆ ಗೊತ್ತಿರಲಿಲ್ಲ, ಹುಡುಗಿ ದೇಶಕ್ಕೆ ಆಡಬೇಕು, ತಕ್ಕೊಳ್ಳಿ, ಇಲ್ಲಿ ಸಹಿ ಹಾಕಿ" ಎಂದು ಹೇಳಿ ಬರುತ್ತಿದ್ದೆ. ಕಲ್ಯಾಣದಿಂದ ಬದಲಾಪುರದವರೆಗೆ ಒಂದು ರೈಲ್ವೆ ಪಾಸಿನ ಕೆಲಸ. ಶಿವರಾಯರು ಎರಡು ಮಾತು ಬೈದು ಚಾ ಕೊಡುತ್ತಿದ್ದರು. ನಿನಗಾಗಿ ಅಷ್ಟನ್ನೂ ಮಾಡಲಾರದ ಮನುಷ್ಯ ನಾನು ಎಂದು ತೀರ್ಮಾನ ಮಾಡಿಬಿಟ್ಟೆಯಲ್ಲ, ಅದು ಸಂಕಟ. ನನ್ನನ್ನು ಒಂದು ಮಾತು ಕೇಳಲಿಲ್ಲ. ಆಮೇಲೆ ನಾನು ಬರೆದ ಆ ಕಾಗದವನ್ನೂ ನುಂಗಿಕೊಂಡು ಕೂತೆ.

ಸಿಟ್ಟು ಇಳಿದಿಲ್ಲ. ಉತ್ತರ ಬರೆ.

ಮಾವ

*

ಕಾಮೋಠೆ
9 ಫೆಬ್ರವರಿ 2014

ಮಾವಾ,

ಓದಿದಾಗ ನನಗೂ ಸಿಟ್ಟೇ ಬಂತು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡವಳಿಗೆ ಬೈಗುಳವಾ ಅನ್ನಿಸಿತು. ನಿಮ್ಮ ಪತ್ರವನ್ನು ಬಟ್ಟೆ ಪೆಟ್ಟಿಗೆಯೊಳಗೆ ತುರುಕಿ ಪ್ರಾಕ್ಟೀಸಿಗೆ ಹೋದೆ. ಸಂಜೆ ಬಂದು ಮತ್ತೆ ಓದಿದೆ.

ನೀವು ಹೇಳುವುದು ಸರಿ. ನಿಮ್ಮನ್ನು ಕೇಳಬೇಕಿತ್ತು. ಆ ಬಾಗಿಲುಗಳಲ್ಲಿ ನೀವು ನಿಲ್ಲುವುದು ನಿಮಗೆ ಕಷ್ಟವಾಗುತ್ತದೆ ಅಂದುಕೊಂಡೆ. ನಿಜವಾಗಿ ಅದನ್ನು ನೆನೆಸಿಕೊಳ್ಳುವುದು ನನಗೆ ಕಷ್ಟವಾಗುತ್ತಿತ್ತು. ಎರಡೂ ಒಂದೇ ಅಂತ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅನ್ನಿಸಿತ್ತು.

ಬ್ಲೇಜರ್ ನನಗೆ ಬೇಕಿತ್ತು ಮಾವ. ನಿಮಗಿಂತ ಹೆಚ್ಚು ಬೇಕಿತ್ತು. ತಂಡದವರು ಅದನ್ನು ಹಾಕಿಕೊಂಡು ನಿಂತ ಫೋಟೊ ಬಂದ ದಿನ ಪೇಪರಿನವನಿಗೆ ಆ ವಾರ ಪೇಪರ್ ಬೇಡ ಅಂದಿದ್ದೆ. ನಿಮ್ಮ ಆ ಕಾಗದವನ್ನು ಸೀವುಡ್ಸ್ ಸ್ಟೇಷನ್ನಿನಲ್ಲಿ ಓದಿದೆ, ಎರಡು ಪನ್ವೇಲ್ ಲೋಕಲ್ ಬಿಟ್ಟು ಮೂರನೆಯದಕ್ಕೆ ಹತ್ತಿದೆ. ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆದರೆ ಈ ಏಳು ವರ್ಷವನ್ನು ನಾನು ವ್ಯರ್ಥ ಅನ್ನುವುದಿಲ್ಲ. ಟೆಂಪೊದಷ್ಟಿದ್ದ ಟೂರು ಈಗ ಬಸ್ಸಿನಷ್ಟಾಗಿದೆ. ಬೋರ್ಡಿಗೆ ಪೇಪರ್ ಅಂಟಿಸುವುದು ನಿಂತಿದೆ. ತನ್ವಿಗೆ ಶನಿವಾರ ನಾನೇ ಹೇಳಿಕೊಡುತ್ತೇನೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ಚೆಂಡು ಮಾತ್ರ ನೇರ ಹೋಗುತ್ತದೆ.

ಇನ್ನೊಂದು ಮಾತು. ಬೆನ್ನು ಮಾತು ಕೇಳುತ್ತಿಲ್ಲ. ಮಾರ್ಚಿನಲ್ಲಿ ಖಾರ್ಘರ್ ಗುಡ್ಡದ ಬುಡದ ಗಾಲ್ಫ್ ಮೈದಾನದಲ್ಲಿ ಆಟ ಇದೆ, ಅದು ನನ್ನ ಕೊನೆಯದು. ಕರೆಯಬೇಡ ಅಂದಿದ್ದಿರಿ. ಕರೆಯುತ್ತಿದ್ದೇನೆ. ಪಾಸ್ ಇಟ್ಟಿದ್ದೇನೆ, ಮುಂಬಾಗಿಲಿನದು.

ಮೋಹಿನಿ

*

ಡೊಂಬಿವಲಿ ಪೂರ್ವ
17 ಫೆಬ್ರವರಿ 2014

ಚಿ. ಮೋಹಿನಿಗೆ,

ಬರುತ್ತೇನೆ.

ಠಾಣೆಯಲ್ಲಿ ಇಳಿದು ಪನ್ವೇಲ್ ಗಾಡಿ ಹಿಡಿಯುವುದು ಗೊತ್ತು. ಖಾರ್ಘರ್ ಸ್ಟೇಷನ್ನಿನಿಂದ ರಿಕ್ಷಾದವನಿಗೆ ಏನು ಹೇಳಬೇಕು, ಬರೆ. ಚಪ್ಪಲಿ ನಡೆಯುತ್ತದಾ, ಬೂಟು ಬೇಕಾ? ವೇದಾವತಿ ಚಕ್ಕುಲಿ ಕಟ್ಟಿ ಕೊಡುತ್ತಾಳಂತೆ, ಒಳಗೆ ಬಿಡುತ್ತಾರಾ?

ಮಾವ

*

ಕಾಮೋಠೆ
16 ಮಾರ್ಚ್ 2014

ಮಾವಾ,

ಮೊನ್ನೆ ನಿಮ್ಮನ್ನು ರೈಲು ಹತ್ತಿಸುವಾಗ ಸೀಟು ಹುಡುಕುವುದರಲ್ಲೇ ಹೊತ್ತು ಹೋಯಿತು. ಹೇಳಿದ್ದರೂ ಆ ಗದ್ದಲದಲ್ಲಿ ನಿಮಗೆ ಕೇಳುತ್ತಿರಲಿಲ್ಲ. ಕೊನೆಯ ಹೋಲಿನಲ್ಲಿ ಏನಾಯಿತು ಎಂದು ನೀವು ಕೇಳಿದ್ದಿರಿ. ಈ ಸಲ ಮುಚ್ಚಿಡುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಎರಡನೆಯ ದಿನದ ಕೊನೆಯ ಹೋಲ್ ಅದು. ನನ್ನ ಚೆಂಡು ಗುಳಿಯ ಹತ್ತಿರ ಬಂದು ನಿಂತಿತು, ಜನ ಚಪ್ಪಾಳೆ ತಟ್ಟಿದರು. ಅದನ್ನು ಒಳಗೆ ಹಾಕಿದರೆ ಕಟ್ ದಾಟುತ್ತಿದ್ದೆ, ಮೂರನೆಯ ದಿನವೂ ಆಡುತ್ತಿದ್ದೆ. ಹೊಡೆಯುವಾಗ ಸದ್ದು ಮಾಡಬಾರದು, ನಾನು ಬಾಗಿದಾಗ ಎಲ್ಲರೂ ಚಪ್ಪಾಳೆ ನಿಲ್ಲಿಸಿದರು. ನೀವು ನಿಲ್ಲಿಸಲಿಲ್ಲ. ಕಣ್ಣು ಒರೆಸಿಕೊಂಡು ಮತ್ತೆ ತಟ್ಟಿದಿರಿ, ಮತ್ತೆ ತಟ್ಟಿದಿರಿ. ಸುಮ್ಮನಿರಿ ಎಂದು ಬರೆದ ಬೋರ್ಡನ್ನು ನಿಮ್ಮ ಮುಖದ ಎದುರೇ ಹಿಡಿದರು, ನೀವು ಅದನ್ನು ಪಕ್ಕಕ್ಕೆ ಸರಿಸಿ ತಟ್ಟಿದಿರಿ. ಆ ಸದ್ದಿಗೆ ನನ್ನ ಹೊಡೆತ ಓರೆಯಾಯಿತು. ಚೆಂಡು ಅಂಚು ಸುತ್ತಿ ಹೊರಗೆ ನಿಂತಿತು.

ನಿಮ್ಮಿಂದಲೇ ತಪ್ಪಿತು ಮಾವ. ನನ್ನ ಆಟ ಒಂದು ದಿನ ಮೊದಲೇ ಮುಗಿಯಿತು.

ಕೊನೆಗೆ ನೀವು ನೋಡಲು ಬಂದಿರಿ. ನನಗೆ ಅಷ್ಟು ಸಂತೋಷವಾಗಿತ್ತು, ನಿಲ್ಲಿಸಿ ಎಂದು ಕೂಗಲು ಬಾಯಿ ಬರಲಿಲ್ಲ.

ಇದರ ಜೊತೆ ಒಂದು ಬಟ್ಟೆ ಕಳಿಸುತ್ತಿದ್ದೇನೆ. ಚೀಲ ಹೊರುವ ಕ್ಯಾಡಿ ಅಂಗಿಯ ಮೇಲೆ ಹಾಕಿಕೊಳ್ಳುವಂಥದ್ದು. ಬೆನ್ನ ಮೇಲೆ ಆಟಗಾರ್ತಿಯ ಹೆಸರಿರುತ್ತದೆ. ಒಗೆದಿಲ್ಲ, ಖಾರ್ಘರಿನ ಮಣ್ಣು ಇನ್ನೂ ಇದೆ. ಅತ್ತೆಗೆ ಕೊಡಬೇಡಿ, ಸೋಪಿನಲ್ಲಿ ಅದ್ದಿಬಿಡುತ್ತಾರೆ.

ಮೋಹಿನಿ

*

ಡೊಂಬಿವಲಿ ಪೂರ್ವ
24 ಮಾರ್ಚ್ 2014

ಚಿ. ಮೋಹಿನಿಗೆ,

ನನ್ನಿಂದಲೇ ತಪ್ಪಿತು ಎಂದು ಬರೆದ ಸಾಲನ್ನು ಓದಿ ವೇದಾವತಿ ಅತ್ತಳು. ನಾನು ಅದನ್ನೇ ಮತ್ತೊಮ್ಮೆ ಓದಿದೆ. ನೀನು ನನಗೆ ಬರೆದ ಕಾಗದಗಳಲ್ಲಿ ಇದು ನನಗೆ ಬಹಳ ಇಷ್ಟವಾಯಿತು.

ಇನ್ನು ಮುಂದೆ ಗಾಲ್ಫ್ ಆಡುವ ಮಕ್ಕಳಿಗೆ ಸಂಘದಲ್ಲಿ ಶಾಲು ಮತ್ತು ಹಣ್ಣು ಮಾತ್ರ. ಹಮ್ಮಿಣಿ ಇಲ್ಲ. ಮೀಟಿಂಗಿನಲ್ಲಿ ನಾನೇ ಎದ್ದು ಹೇಳಿದೆ, ಯಾಕೆ ಎಂದೂ ಹೇಳಿದೆ. ಶಿವರಾಯರು ಎರಡು ಮಾತು ಬೈದರು, ಆಮೇಲೆ ಚಾ ಕೊಡಿಸಿದರು. ನಾನು ಬರೆದ ಹಾಗೆಯೇ ಆಯಿತು ನೋಡು.

ಬಟ್ಟೆ ಬಂತು. ಕೈಯಿಲ್ಲದ ಅಂಗಿ ಅದು, ಎರಡು ಪಟ್ಟಿ ಕಟ್ಟುವುದು. ಆದರೂ ಹ್ಯಾಂಗರಿಗೆ ಸರಿಯಾಗಿ ಕೂತಿದೆ, ಭುಜ ಜೋತುಬಿದ್ದಿಲ್ಲ. ಹೆಸರು ಬೆನ್ನ ಕಡೆ ಇರುವುದರಿಂದ ಕಪಾಟು ತೆಗೆದರೆ ಕಾಣುತ್ತಿರಲಿಲ್ಲ, ತಿರುಗಿಸಿ ಹಾಕಿದ್ದೇನೆ.

ಮಾವ